ಕಪ್ಪು ತೆರೆಯ ಹಿಂದಿನ ಕಥೆ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಯಾವುದೋ ಒಂದು ಮನೆಯ ಅಟ್ಟದಲ್ಲಿ ಇಪ್ಪತ್ತು ವರ್ಷ ಹಳೆಯ ಗಣಕವೊಂದು ಇದೆಯೆನ್ನಿ. ಮಗ ಹಾಸನದಲ್ಲಿ ಕಾಲೇಜು ಓದುತ್ತಿದ್ದಾಗ ಕೊಂಡದ್ದು. ತಾತ ಹೇಳಿ ಬರೆಸಿದ ಮನೆತನದ ವಿವರಗಳು ಅದರಲ್ಲಿವೆ, ಬೇರೆಲ್ಲೂ ಪ್ರತಿಯಿಲ್ಲ. ತಾತ ಈಗಿಲ್ಲ. ಹಳೆಯ ವಿಂಡೋಸ್ ಏಳಲೊಲ್ಲದು. ಬಲ್ಲವರು ಹೇಳಿದಂತೆ ನೀವು ಲಿನಕ್ಸ್‌ನ ಸಿ.ಡಿ. ಹಾಕಿ ಚಾಲೂ ಮಾಡುತ್ತೀರಿ. ಬಿಳಿಯ ಅಕ್ಷರಗಳ ಸಾಲುಗಳು ಸರಸರನೆ ಓಡುತ್ತವೆ. ಇನ್ನೇನು ಚಿತ್ರ ಬರಬೇಕು, ಆಗ ತೆರೆ ಕಪ್ಪಾಗುತ್ತದೆ.

ಗಣಕ ಕೆಟ್ಟಿತೆಂದು ಗುಜರಿಗೆ ಹಾಕುವ ಮುನ್ನ ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ದೀಪ ಹೊತ್ತಿ ಆರಿದರೆ ಗಣಕ ಬದುಕಿದೆ, ಕುರುಡಾಗಿರುವುದು ತೆರೆಯೊಂದೇ. ಹಾಗಾದರೆ ಅಕ್ಷರಗಳನ್ನು ತೋರಿಸಿದ ತೆರೆಗೆ ಚಿತ್ರ ತೋರಿಸಲು ಏಕೆ ಆಗಲಿಲ್ಲ? ಉತ್ತರಕ್ಕೆ 1987ಕ್ಕೆ ಹೋಗಬೇಕು.

ಆ ವರ್ಷ ಐಬಿಎಂ ಕಂಪನಿ ತನ್ನ ಪಿಎಸ್/2 ಗಣಕಗಳಲ್ಲಿ 'ವಿಜಿಎ' ಎಂಬ ಚಿತ್ರವ್ಯವಸ್ಥೆಯನ್ನು ತಂದಿತು. ಉಳಿದ ತಯಾರಕರೆಲ್ಲ ಅದನ್ನು ಅನುಕರಿಸಿದರು. ಹೀಗಾಗಿ ಪಿ.ಸಿ.ಯ ಯಾವ ಡಿಸ್‌ಪ್ಲೇ ಕಾರ್ಡ್ ಆದರೂ ವಿಜಿಎ ಭಾಷೆ ಅರಿತಿರುತ್ತಿತ್ತು. ಓಡಿದ ಆ ಬಿಳಿಯ ಸಾಲುಗಳು ಈ ಸಾಮಾನ್ಯ ಭಾಷೆಯಲ್ಲಿ ಬಂದವು. ಆದರೆ ಹೆಚ್ಚು ಬಣ್ಣ, ಹೆಚ್ಚು ಚುಕ್ಕೆ, ಹೆಚ್ಚು ವೇಗ ಬೇಕೆಂದಾಗ ಒಬ್ಬೊಬ್ಬ ತಯಾರಕನೂ ತನ್ನದೇ ದಾರಿ ಹಿಡಿದ. ಆ ದಾರಿ ತಿಳಿದ 'ಡ್ರೈವರ್' ತಂತ್ರಾಂಶ ಇಲ್ಲದಿದ್ದರೆ ಅಥವಾ ತಪ್ಪು ತಿಳಿದಿದ್ದರೆ, ಕತ್ತಲು.

ಲಿನಕ್ಸ್‌ಗೆ ಚಿತ್ರ ಬಂದದ್ದು ಹೊರಗಿನಿಂದ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಆರಂಭವಾದ 'ಎಕ್ಸ್ ವಿಂಡೋ ಸಿಸ್ಟಮ್' 1987ರಲ್ಲಿ ತನ್ನ 11ನೆಯ ರೂಪ ಪಡೆಯಿತು. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬಿಡುಗಡೆ ಮಾಡಿದ್ದು 1991ರಲ್ಲಿ. ಪಿ.ಸಿ.ಗಳಿಗಾಗಿ ಎಕ್ಸ್ ಅನ್ನು ಒಗ್ಗಿಸುವ 'ಎಕ್ಸ್‌ಫ್ರೀ86' ಯೋಜನೆ ಶುರುವಾದದ್ದು 1992ರಲ್ಲಿ.

ಆ ಕಾಲದ ಬಳಕೆದಾರನ ಪಾಡು ಕೇಳಬೇಡಿ. ತನ್ನ ಮಾನಿಟರ್ ಎಷ್ಟು ವೇಗದಲ್ಲಿ ಗೆರೆ ಎಳೆಯಬಲ್ಲದು ಎಂಬುದನ್ನು ಅವನೇ ಒಂದು ಕಡತದಲ್ಲಿ ಬರೆದಿಡಬೇಕಿತ್ತು. ಲೆಕ್ಕ ಕಷ್ಟದ್ದೇನಲ್ಲ, ನೀವೂ ಮಾಡಿ ನೋಡಿ. 640×480 ಚುಕ್ಕೆಗಳ ತೆರೆಗೆ ಕಾರ್ಡ್ ಸೆಕೆಂಡಿಗೆ 2,51,75,000 ಚುಕ್ಕೆ ಕಳಿಸುತ್ತದೆ. ಒಂದು ಗೆರೆಗೆ 640 ಅಲ್ಲ, 800 ಚುಕ್ಕೆಗಳ ಕಾಲ ಬೇಕು. ಎಲೆಕ್ಟ್ರಾನ್ ಕಿರಣ ಬಲತುದಿಯಿಂದ ಎಡಕ್ಕೆ ಮರಳಬೇಕಲ್ಲ! ಭಾಗಿಸಿದರೆ ಸೆಕೆಂಡಿಗೆ ಸುಮಾರು 31,469 ಗೆರೆಗಳು. ಹಾಗೆಯೇ ಮೇಲಿಂದ ಕೆಳಗೆ 480ರ ಬದಲು 525 ಗೆರೆಗಳ ಕಾಲ. ಮತ್ತೆ ಭಾಗಿಸಿದರೆ ಸೆಕೆಂಡಿಗೆ 59.94 ಸಲ ಇಡೀ ತೆರೆ ಹೊಸದಾಗುತ್ತದೆ. ಇಲ್ಲಿ ಅಂಕಿ ತಪ್ಪಿದರೆ ಚಿತ್ರ ಓರೆಯಾಗಿ ಹರಿದಂತೆ ಕಾಣುತ್ತಿತ್ತು. ಕೆಲವು ಹಳೆಯ ಮಾನಿಟರ್‌ಗಳು ಸಿಳ್ಳೆ ಹಾಕುತ್ತಿದ್ದವು, ಸುಟ್ಟುಹೋಗುವ ಅಪಾಯವೂ ಇತ್ತು. ಕೈಪಿಡಿಗಳಲ್ಲಿ ಈ ಬಗ್ಗೆ ಎಚ್ಚರಿಕೆ ಇರುತ್ತಿತ್ತು. ತಂತ್ರಾಂಶದ ಒಂದು ಸಾಲಿನಿಂದ ಯಂತ್ರಾಂಶ ಸುಡುವುದು ಇಂದಿನ ಓದುಗರಿಗೆ ಸೋಜಿಗವೆನಿಸಬಹುದು.

ಮಾನಿಟರ್ ತಾನೇ ತನ್ನ ಗುಣಗಳನ್ನು 128 ಬೈಟ್‌ಗಳಲ್ಲಿ ಗಣಕಕ್ಕೆ ತಿಳಿಸುವ ಪದ್ಧತಿ 1990ರ ದಶಕದ ನಡುವೆ ಬಂತು. ಆಮೇಲೆ ಕೈಬರಹದ ಕಡತ ಮೆಲ್ಲಗೆ ಮರೆಯಾಯಿತು. 2004ರಲ್ಲಿ ಎಕ್ಸ್‌ಫ್ರೀ86ರ ಪರವಾನಗಿಗೆ ಹೊಸ ಷರತ್ತೊಂದನ್ನು ಸೇರಿಸಿದ್ದರಿಂದ ಮನಸ್ತಾಪವಾಗಿ, ಲಿನಕ್ಸ್ ವಿತರಣೆಗಳು ಒಂದೊಂದಾಗಿ 'ಎಕ್ಸ್.ಆರ್ಗ್' ಕಡೆಗೆ ಹೊರಟುಹೋದವು.

ನಮ್ಮ ಕಪ್ಪು ತೆರೆಗೆ ನಿಜವಾದ ಸುಳಿವು 2009ರಲ್ಲಿದೆ. ಅಲ್ಲಿಯತನಕ ತೆರೆಯ ವಿಧಾನವನ್ನು ನಿಗದಿ ಮಾಡುತ್ತಿದ್ದದ್ದು ಎಕ್ಸ್. ಅಕ್ಷರದ ತೆರೆ ಲಿನಕ್ಸ್ ತಿರುಳಿನದು, ಚಿತ್ರದ ತೆರೆ ಎಕ್ಸ್‌ನದು. ಒಂದೇ ಗಾಡಿ ಹೊಡೆಯಲು ಇಬ್ಬರು. ಆ ವರ್ಷ ಬಂದ 2.6.29ನೆಯ ತಿರುಳು ಮೊದಲು ಇಂಟೆಲ್ ಚಿಪ್‌ಗಳಿಗೆ ಈ ಕೆಲಸವನ್ನು ತಾನೇ ವಹಿಸಿಕೊಂಡಿತು. ಮರುವರ್ಷ ಎನ್‌ವಿಡಿಯಾ ಕಾರ್ಡ್‌ಗಳ 'ನೂವೋ' ಡ್ರೈವರ್ ಕೂಡ ತಿರುಳಿಗೆ ಸೇರಿತು. ಒಳ್ಳೆಯ ಬದಲಾವಣೆಯೇ. ಆದರೆ ಇಂಟೆಲ್ 845, 855ರಂಥ ಹಳೆಯ ಚಿಪ್‌ಗಳಲ್ಲಿ ತೆರೆ ಹೆಪ್ಪುಗಟ್ಟುವ ದೂರುಗಳು 2010ರ ಸುಮಾರಿಗೆ ಬಹಳ ಕೇಳಿಬಂದವು.

ಆದ್ದರಿಂದ ತೆರೆ ಯಾವ ಗಳಿಗೆಯಲ್ಲಿ ಕಪ್ಪಾಯಿತು ಎಂಬುದನ್ನು ಗಮನಿಸಿ. ಮೊದಲ ಕೆಲವು ಸಾಲುಗಳಲ್ಲೇ ಆದರೆ ದೋಷ ತಿರುಳಿನ ಡ್ರೈವರ್‌ನದಿರಬಹುದು. ಗಣಕವನ್ನು ಮತ್ತೆ ಚಾಲೂ ಮಾಡಿ, ಆರಂಭದ ಪಟ್ಟಿಯಲ್ಲಿ ತಿರುಳಿನ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿ, ಸಣ್ಣ ಅಕ್ಷರಗಳಲ್ಲಿ ಸೇರಿಸಿ. ತೆರೆಯ ತಂಟೆಗೆ ಹೋಗಬೇಡವೆಂದು ತಿರುಳಿಗೆ ಹೇಳಿದಂತಾಯಿತು. ಚಿತ್ರ ನಿಧಾನವಾಗಿ, ಒರಟಾಗಿ ಬರಬಹುದು, ಆದರೆ ಬರುತ್ತದೆ. ಸಾಲುಗಳೆಲ್ಲ ಮುಗಿದ ಮೇಲೆ ಕಪ್ಪಾದರೆ ಅನುಮಾನ ಎಕ್ಸ್ ಮೇಲೆ. ಕಂಟ್ರೋಲ್, ಆಲ್ಟ್, ಎಫ್2 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಹಳಷ್ಟು ಸಲ ಅಕ್ಷರದ ತೆರೆ ಸಿಗುತ್ತದೆ. ಎಕ್ಸ್ ಬರೆದಿಟ್ಟ ದಾಖಲೆಯಲ್ಲಿ 'ಇಇ' ಗುರುತಿನ ಸಾಲುಗಳೇ ತಪ್ಪುಗಳು. ಆದರೆ ನನ್ನ ಸಲಹೆ ಕೇಳಿದರೆ, ರಿಪೇರಿ ಆಮೇಲಾಗಲಿ. ಅಕ್ಷರದ ತೆರೆ ಸಿಕ್ಕ ಕೂಡಲೇ ತಾತನ ಕಡತಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಹಳೆಯ ಹಾರ್ಡ್ ಡಿಸ್ಕ್ ಎಷ್ಟು ದಿನ ತಿರುಗೀತೆಂದು ಯಾರೂ ಹೇಳಲಾರರು.

ತೀರ ಹೊಸ ಲಿನಕ್ಸ್ ಹಾಕಿದರೆ ಎಲ್ಲ ಸರಿಹೋದೀತು ಎಂದುಕೊಳ್ಳಬೇಡಿ. 2023ರಲ್ಲಿ ಬಂದ 6.3ನೆಯ ತಿರುಳಿನಿಂದ ಸ್ಯಾವೇಜ್, ಸಿಸ್, ವಿಐಎ ಮುಂತಾದ ಹಳೆಯ ಚಿಪ್‌ಗಳ ವೇಗದ ಡ್ರೈವರ್‌ಗಳನ್ನು ಕಿತ್ತುಹಾಕಲಾಯಿತು. 2025ರ ಡೆಬಿಯನ್ 13ರಲ್ಲಿ 32 ಬಿಟ್ ಗಣಕಗಳಿಗೆ ಪ್ರತಿಷ್ಠಾಪನೆಯ ಸಿ.ಡಿ.ಯೇ ಇಲ್ಲ. ಇಂಥ ಗಣಕಕ್ಕೆ ಅದರ ಓರಗೆಯ ಹಳೆಯ ವಿತರಣೆಯೇ ಹೊಂದೀತು. ಅಂತರಜಾಲಕ್ಕೆ ಮಾತ್ರ ಜೋಡಿಸಬೇಡಿ.

ಚಿತ್ರ ಬಂತು, ತಾತನ ಕಡತ ತೆರೆದಿರಿ. ಕನ್ನಡ ಕಾಣಬೇಕಲ್ಲ! ಇಲ್ಲಿ ಅಕ್ಷರದ ತೆರೆ ಪ್ರಯೋಜನಕ್ಕಿಲ್ಲ. ಅದರ ಚೀಲದಲ್ಲಿ ಹಿಡಿಸುವುದು ಹೆಚ್ಚೆಂದರೆ 512 ಅಕ್ಷರರೂಪ, ಒತ್ತು ಕೂಡಿಸುವ ವಿದ್ಯೆಯೂ ಅದಕ್ಕೆ ಗೊತ್ತಿಲ್ಲ. ಚಿತ್ರದ ತೆರೆಯಲ್ಲೂ ತೊಡಕುಂಟು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಆದರೆ ಸಂಕೇತಗಳನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ಕನ್ನಡವಾಗುವುದಿಲ್ಲ. ಹಳೇಕೋಟೆಯ 'ಕೋ' ಒಂದೇ ಅಕ್ಷರ, ಆದರೆ ಅದರ ಸ್ವರಚಿಹ್ನೆಯನ್ನು ಬಿಡಿಸಿದರೆ ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡು. ಇವನ್ನು ತಕ್ಕ ಜಾಗದಲ್ಲಿ ಕೂಡಿಸುವ 'ಪ್ಯಾಂಗೊ' ತಂತ್ರಾಂಶದ ಕೆಲಸ 1999ರಲ್ಲಿ ಆರಂಭವಾಯಿತು. ಕೇದಗೆ, ಮಲ್ಲಿಗೆ, ಲೋಹಿತ್ ಎಂಬ ಮುಕ್ತ ಅಕ್ಷರಶೈಲಿಗಳು ಲಿನಕ್ಸ್ ವಿತರಣೆಗಳಿಗೆ ಬಂದದ್ದು 2000ದ ದಶಕದಲ್ಲಿ.

ಒಂದು ಹೆಸರಿನಿಂದಲೇ ಪರೀಕ್ಷೆ ಮಾಡಬಹುದು. 'ಚನ್ನರಾಯಪಟ್ಟಣ' ಎಂಬುದು 'ಚನ್‌ನರಾಯಪಟ್‌ಟಣ' ಎಂದು ಒಡೆದು ಕಂಡರೆ ಅಕ್ಷರಶೈಲಿ ಇದೆ, ಕೂಡಿಸುವವನು ಇಲ್ಲ. ಬರಿಯ ಚೌಕಗಳು ಕಂಡರೆ ಅಕ್ಷರಶೈಲಿಯೇ ಇಲ್ಲ. ಇನ್ನು ಕೊಂಬು ಬಾಲ ಹಚ್ಚಿದ ರೋಮನ್ ಅಕ್ಷರಗಳು ಕಂಡರೆ ತೆರೆಯ ತಪ್ಪಿಲ್ಲ. ಆ ಕಡತವನ್ನು ಯುನಿಕೋಡ್ ಅಲ್ಲದ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬರೆದಿರಬೇಕು. ಆಗಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಅದಕ್ಕೆ ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬೇಕು. ಬದಲಿಸುವ ಮುನ್ನ ಮೂಲ ಕಡತದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಪರಿವರ್ತಕಗಳು ಅರ್ಕಾವತ್ತಿನಲ್ಲಿ ಎಡವುವುದುಂಟು, ತಾತ ಬರೆಸಿದ ಹೆಸರುಗಳನ್ನು ಒಂದೊಂದಾಗಿ ನೀವೇ ಓದಿ ಸರಿಪಡಿಸಬೇಕಾದೀತು.