ಮುರಾನೊದ ಮಣಿಗಾರ್ತಿಯರು

1487ರಲ್ಲಿ ವೆನಿಸ್ ಗಣರಾಜ್ಯದ ಡೋಜ್, ಅಂದರೆ ಮುಖ್ಯಸ್ಥ, ಅಗೊಸ್ತಿನೊ ಬಾರ್ಬಾರಿಗೊ ಒಬ್ಬ ಹೆಂಗಸಿಗೆ ಅಪರೂಪದ ಪರವಾನಗಿ ಕೊಟ್ಟ. ಮುರಾನೊ ದ್ವೀಪದಲ್ಲಿ ಆಕೆ ತನ್ನದೇ ಸಣ್ಣ ಕುಲುಮೆ ಕಟ್ಟಿಕೊಂಡು, ಬಣ್ಣದ ಚಿತ್ತಾರ ಬರೆದ ಗಾಜನ್ನು ಅದರಲ್ಲಿ ಸುಡಬಹುದಿತ್ತು. ಆಕೆಯ ಹೆಸರು ಮರಿಯೆತ್ತಾ ಬರೋವಿಯೆರ್. ನೀರಿನಷ್ಟು ತಿಳಿಯಾದ 'ಕ್ರಿಸ್ತಾಲ್ಲೊ' ಗಾಜಿಗೆ ಹೆಸರಾದ ಆಂಜೆಲೊ ಬರೋವಿಯೆರ್‌ನ ಮಗಳು. 1460ರಲ್ಲಿ ಅಪ್ಪ ತೀರಿಕೊಂಡ ಮೇಲೆ ಸೋದರ ಜೊವಾನ್ನಿಯ ಜೊತೆಗೂಡಿ ಮನೆತನದ ಕಸುಬು ನಡೆಸಿದವಳು.

ಗಾಜಿನವರು ಮುರಾನೊಗೆ ಬಂದದ್ದೂ ಸರ್ಕಾರದ ಅಪ್ಪಣೆಯಿಂದಲೇ. ಮರದ ಮನೆಗಳು ಒತ್ತಿಕೊಂಡಿದ್ದ ವೆನಿಸ್‌ಗೆ ಬೆಂಕಿಯ ಭಯ. ಹಾಗಾಗಿ 1291ರಲ್ಲಿ ಕುಲುಮೆಗಳನ್ನೆಲ್ಲ ಈ ದ್ವೀಪಕ್ಕೆ ಸಾಗಹಾಕಿದರು. ಕಸುಬಿನ ಗುಟ್ಟು ಕಾಯುವುದಕ್ಕೂ ಸುತ್ತಲಿನ ನೀರು ಒದಗಿಬಂತು.

ಮರಿಯೆತ್ತಾಳ ಹೆಸರಿಗೆ ಅಂಟಿಕೊಂಡಿರುವುದು 'ರೊಸೆತ್ತಾ' ಮಣಿ. ಅದನ್ನು ರೂಪಿಸಿದವಳು ಅವಳೇ ಎಂಬುದು ಮುರಾನೊದ ಪರಂಪರೆಯ ಮಾತು. ಕಾದ ಗಾಜಿನ ಪೊಳ್ಳು ಉಂಡೆಯನ್ನು ನಕ್ಷತ್ರದಾಕಾರದ ಅಚ್ಚಿಗೆ ಒತ್ತಿ, ಅದರ ಮೇಲೆ ಇನ್ನೊಂದು ಬಣ್ಣದ ಗಾಜಿನ ಪದರ, ಮತ್ತೆ ಅಚ್ಚು, ಮತ್ತೊಂದು ಪದರ. ಬಿಳಿ, ಕೆಂಪು, ಎಲ್ಲಕ್ಕಿಂತ ಹೊರಗೆ ನೀಲಿ. ಮೆತ್ತಗಿರುವಾಗಲೇ ಇಬ್ಬರು ಎರಡು ತುದಿ ಹಿಡಿದು ಎದುರುಬದುರು ದಿಕ್ಕಿಗೆ ನಡೆಯುತ್ತಾರೆ. ಗಾಜು ಎಳೆದಷ್ಟೂ ಸಪುರ, ಆದರೆ ನಡುವಿನ ತೂತು ಮುಚ್ಚುವುದಿಲ್ಲ. ಆರಿದ ಕಡ್ಡಿಯನ್ನು ತುಂಡರಿಸಿದರೆ ಹೊರಗಿನಿಂದ ಕಾಣುವುದು ಬರೀ ನೀಲಿ. ತುದಿಗಳನ್ನು ಉಜ್ಜಿ ಸವೆಸಿದಾಗ ಹನ್ನೆರಡು ಮೊನೆಯ ನಕ್ಷತ್ರ ಹೊರಬೀಳುತ್ತದೆ. ಇಷ್ಟು ಚೆಂದದ ಮಣಿ ಮುಂದೆ ಆಫ್ರಿಕಾದ ವ್ಯಾಪಾರದಲ್ಲಿ ನಾಣ್ಯದಂತೆ ಚಲಾವಣೆಗೆ ಬಂತು. ಚಿನ್ನ, ದಂತಗಳಿಗಷ್ಟೇ ಅಲ್ಲ, ಗುಲಾಮರಾಗಿ ಮಾರಾಟವಾದ ಮನುಷ್ಯರಿಗೂ ವೆನಿಸ್‌ನ ಮಣಿಗಳು ಬೆಲೆಯಾಗಿ ಸಂದವು.

ಸಾಸಿವೆಯಂಥ ಪುಟ್ಟ ಮಣಿಗಳದ್ದು ಬೇರೆಯೇ ಲೋಕ. ಅವು ಹಡಗು ಹತ್ತುವ ಮೊದಲು ದಾರಕ್ಕೆ ಏರಬೇಕು. ಆ ಕೆಲಸ 'ಇಂಪಿರಾರೆಸ್ಸೆ' ಎಂಬ ಹೆಂಗಸರದು. ವೆನಿಸ್‌ನ ಕಾಸ್ತೆಲ್ಲೊ ಬಡಾವಣೆಯ ಮನೆಬಾಗಿಲುಗಳ ಮುಂದೆ ಕುಳಿತು, ಮಡಿಲಲ್ಲಿ ಮಣಿ ತುಂಬಿದ ಮರದ ಬುಟ್ಟಿ ಇಟ್ಟುಕೊಂಡು, ಹತ್ತಾರು ಉದ್ದನೆಯ ಸೂಜಿಗಳನ್ನು ಬೀಸಣಿಗೆಯ ಹಾಗೆ ಹರಡಿ ಹಿಡಿಯುತ್ತಿದ್ದರು. ಸೂಜಿಗಳನ್ನು ಮಣಿರಾಶಿಯೊಳಗೆ ಆಡಿಸಿದರೆ ಮಣಿಗಳು ತಾವಾಗಿ ಏರುತ್ತಿದ್ದವು. ಒಂದೊಂದನ್ನೇ ಹೆಕ್ಕಿ ಪೋಣಿಸುತ್ತ ಕೂತರೆ ಹೊಟ್ಟೆ ತುಂಬುತ್ತಿರಲಿಲ್ಲ. ಕೂಲಿ ಮಾಡಿದಷ್ಟಕ್ಕೆ, ಅದೂ 'ಮಿಸ್ತ್ರಾ' ಎಂಬ ಮಧ್ಯವರ್ತಿ ಹೆಂಗಸಿನ ಕೈಯಿಂದ. 1904ರಲ್ಲಿ ಇವರು ಮುಷ್ಕರ ಹೂಡಿದರು. ಅದಕ್ಕೂ ಮೊದಲೇ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಇವರನ್ನು ಕ್ಯಾನ್ವಾಸಿಗೆ ತಂದಿದ್ದ, ಹೆಸರಿಲ್ಲದೆ. ಮರಿಯೆತ್ತಾ ಇತಿಹಾಸಕ್ಕೆ ಸಿಕ್ಕಿದ್ದು ಕುಲುಮೆಗೆ ಪರವಾನಗಿ ಬೇಕಿದ್ದರಿಂದ. ಮನೆಬಾಗಿಲಲ್ಲಿ ಸೂಜಿ ಹಿಡಿದವರಿಗೆ ಯಾವ ಪರವಾನಗಿಯೂ ಬೇಕಿರಲಿಲ್ಲ.

ಇಂದು ವೆನಿಸ್‌ನಲ್ಲಿ ಮಾರುವ ಕೈಕೆಲಸದ ಬಣ್ಣಬಣ್ಣದ ಓಲೆಗಳಿಗೆ ಹೆಚ್ಚಾಗಿ ಬಳಕೆಯಾಗುವುದು 'ಲುಮೆ', ಅಂದರೆ ದೀಪದ ಉರಿಯಲ್ಲಿ ಮಾಡಿದ ಮಣಿ. ಹಿಂದೆ ಕೊಬ್ಬಿನ ದೀಪಕ್ಕೆ ತಿದಿಯೊತ್ತಿ ಗಾಳಿ ಹಾಯಿಸುತ್ತಿದ್ದರು, ಈಗ ಗ್ಯಾಸ್. ಬಣ್ಣದ ಗಾಜಿನ ಕಡ್ಡಿಯನ್ನು ಉರಿಗೆ ಹಿಡಿದು, ಕರಗಿದ ತುದಿಯನ್ನು ತಿರುಗುತ್ತಿರುವ ಲೋಹದ ತಂತಿಗೆ ಸುತ್ತುತ್ತಾರೆ. ತಿರುಗಿಸುವ ಕೈ ನಿಂತಿತೋ, ಮಣಿ ಒಂದು ಕಡೆ ಜೋತುಬೀಳುತ್ತದೆ. ಕೂದಲೆಳೆಯಂಥ ಕಡ್ಡಿಗಳಿಂದ ಹೂವು, ಬಳ್ಳಿ ಬರೆಯುವುದು ಆಮೇಲೆ. ಬೇಗ ಆರಿದರೆ ಬಿರುಕು ಬಿಡುವುದರಿಂದ ನಿಧಾನವಾಗಿ ತಣಿಸಬೇಕು.

2020ರಲ್ಲಿ ಯುನೆಸ್ಕೊ ಇಟಲಿ ಮತ್ತು ಫ್ರಾನ್ಸ್‌ಗಳ ಗಾಜಿನ ಮಣಿ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕೆಲಸವೇನೂ ಹಗುರವಾಗಿಲ್ಲ, ಓಲೆಯದ್ದಂತೂ ಇಲ್ಲವೇ ಇಲ್ಲ. ಸರದಲ್ಲಿ ಒಂದು ಮಣಿ ತುಸು ದಪ್ಪವಾದರೆ ನಡೆದೀತು. ಓಲೆಗೆ ಎರಡೂ ಮಣಿ ಗಾತ್ರದಲ್ಲಿ, ಬಣ್ಣದಲ್ಲಿ, ತೂಕದಲ್ಲಿ ಹೊಂದಬೇಕು, ಕಿವಿಯನ್ನು ಜಗ್ಗಲೂಬಾರದು. ಅದಕ್ಕೇ ಕೆಲವರು ಒಳಗೆ ಪೊಳ್ಳಾಗಿ ಊದಿದ ಹಗುರ ಮಣಿಗಳನ್ನು ಆರಿಸಿಕೊಳ್ಳುತ್ತಾರೆ.