ಅರಿವಳಿಕೆಯಡಿ ಬೋಧನಾ ಪರೀಕ್ಷೆ

ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಪಡೆದು ಪ್ರಜ್ಞೆಯಿಲ್ಲದ ಮಹಿಳೆಯ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳು ಕಲಿಕೆಗೆಂದು ನಡೆಸುವ ಒಳಪರೀಕ್ಷೆ. ಸ್ನಾಯುಗಳು ಸಡಿಲಗೊಂಡಿರುವುದರಿಂದ ಗರ್ಭಕೋಶ, ಅಂಡಾಶಯಗಳು ಕೈಗೆ ಚೆನ್ನಾಗಿ ಸಿಗುತ್ತವೆ ಎಂಬುದು ಇದರ ಪರವಾದ ವಾದ. ಬೋಧನಾ ಆಸ್ಪತ್ರೆಗೆ ದಾಖಲಾಗಿದ್ದೇ ಒಪ್ಪಿಗೆ ಎಂಬ ನಂಬಿಕೆಯಿಂದ ಬಹುಕಾಲ ಅನೇಕ ಕಡೆ ರೋಗಿಯನ್ನು ಕೇಳುತ್ತಲೇ ಇರಲಿಲ್ಲ.

ಈಥರ್ ಕೊಟ್ಟು ಪರೀಕ್ಷಿಸಲು ಮಾತ್ರ ಒಪ್ಪಿದ್ದ ಮಹಿಳೆಯ ಗಡ್ಡೆಯನ್ನೇ ತೆಗೆದ ಪ್ರಕರಣದಲ್ಲಿ, ದೇಹದ ಮೇಲಿನ ತೀರ್ಮಾನ ರೋಗಿಯದೇ ಎಂದು ನ್ಯೂಯಾರ್ಕ್‌ನ ನ್ಯಾಯಾಧೀಶ ಕಾರ್ಡೋಜೊ 1914ರಲ್ಲೇ ಬರೆದಿದ್ದರು. ಆದರೆ ಬೋಧನೆಗೆ ಆ ತತ್ತ್ವ ತಾಗಲು ದಶಕಗಳೇ ಬೇಕಾದವು. ನ್ಯೂಜಿಲೆಂಡಿನ ಆಕ್ಲೆಂಡ್‌ನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರ್‌ಪೂರ್ವ ಸ್ಥಿತಿಯಿದ್ದ ಮಹಿಳೆಯರಿಗೆ ಚಿಕಿತ್ಸೆ ನೀಡದೆ ಕಾದು ನೋಡಿದ್ದನ್ನು 1987ರಲ್ಲಿ ಸಾಂಡ್ರಾ ಕೋನಿ, ಫಿಲಿಡಾ ಬಂಕಲ್ ಪತ್ರಿಕಾ ಲೇಖನದಲ್ಲಿ ಬಯಲಿಗೆಳೆದರು. ಅದನ್ನು ತನಿಖೆ ಮಾಡಿದ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ 1988ರ ವರದಿ, ಪ್ರಜ್ಞೆಯಿಲ್ಲದವರ ಮೇಲೆ ವಿದ್ಯಾರ್ಥಿಗಳು ಕೈಕಲಿಯುತ್ತಿದ್ದುದನ್ನೂ ಟೀಕಿಸಿತು. 1996ರಲ್ಲಿ ಜಾರಿಗೆ ಬಂದ ನ್ಯೂಜಿಲೆಂಡಿನ ರೋಗಿ ಹಕ್ಕುಗಳ ಸಂಹಿತೆ ಬೋಧನೆಗೂ ಅನ್ವಯಿಸುತ್ತದೆ.

2003ರ ಎರಡು ಅಧ್ಯಯನಗಳು ವಿದ್ಯಾರ್ಥಿಯ ಇಕ್ಕಟ್ಟನ್ನು ತೋರಿಸಿದವು. ಇಂಗ್ಲೆಂಡಿನ ಒಂದು ವೈದ್ಯಕೀಯ ಶಾಲೆಯಲ್ಲಿ ಇಂಥ ಪರೀಕ್ಷೆಗಳ ಸುಮಾರು ಕಾಲು ಭಾಗಕ್ಕೆ ಒಪ್ಪಿಗೆಯೇ ಇರಲಿಲ್ಲ. ಆ ಅಧ್ಯಯನದ ಮೊದಲ ಲೇಖಕಿ ಯ್ವೆಟ್ ಕೋಲ್ಡಿಕಾಟ್ ಸ್ವತಃ ವಿದ್ಯಾರ್ಥಿನಿ. ಬೋಧಕರ ಮಾತಿಗೆ ಎದುರಾಡಿದರೆ ಅಂಕಕ್ಕೆ, ಅವಕಾಶಕ್ಕೆ ಕುತ್ತು. ಸುಮ್ಮನಿದ್ದರೆ ಮನಸ್ಸಿಗೆ ಕಸಿವಿಸಿ. ಫಿಲಡೆಲ್ಫಿಯಾದ ಐದು ಶಾಲೆಗಳ 401 ವಿದ್ಯಾರ್ಥಿಗಳ ಸಮೀಕ್ಷೆ ಕಂಡುಕೊಂಡದ್ದು ಇನ್ನೂ ಕಳವಳಕಾರಿ: ಸ್ತ್ರೀರೋಗ ವಿಭಾಗದ ತರಬೇತಿ ಮುಗಿಸಿದವರು, ಮುಗಿಸದವರಿಗಿಂತ, ಒಪ್ಪಿಗೆಗೆ ಕಡಿಮೆ ಮಹತ್ವ ಕೊಟ್ಟರು. ಪಠ್ಯಪುಸ್ತಕ ಹೇಳದ ಪಾಠವನ್ನು ಆಪರೇಷನ್ ಥಿಯೇಟರ್ ಕಲಿಸಿತ್ತು ಎನ್ನಬೇಕು. ಅದೇ ವರ್ಷ ಕ್ಯಾಲಿಫೋರ್ನಿಯಾ ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆಯ ವಿರುದ್ಧ ಕಾನೂನು ತಂದಿತು. ಸ್ಪಷ್ಟ ಒಪ್ಪಿಗೆ ಪಡೆಯಲೇಬೇಕೆಂದು ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಸೂಚಿಸಿದ್ದು 2024ರ ಏಪ್ರಿಲ್‌ನಲ್ಲಿ.

ಭಾರತದಲ್ಲಿ ಹತ್ತಿರದ ಆಧಾರ 2008ರ ಸಮೀರಾ ಕೊಹ್ಲಿ ತೀರ್ಪು. ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣವದು. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ತೀರ್ಪಿನಲ್ಲಿ ವಿದ್ಯಾರ್ಥಿಗಳ ಪ್ರಸ್ತಾಪವಿಲ್ಲ, ತರ್ಕ ಮಾತ್ರ ಅವರಿಗೂ ಸಲ್ಲುತ್ತದೆ. 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಮೊದಲ್ಗೊಂಡು ನೀತಿ ಮತ್ತು ಸಂವಹನದ ‘ಏಟ್‌ಕಾಮ್’ ಪಾಠ ಕಡ್ಡಾಯವಾಗಿದೆ.