ಮಳ್ಳ ಎಂಬ ಮಾತು

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ 'ಮಳ್ಳ' ಎಂಬ ಮಾತಿನ ಅರ್ಥವನ್ನು ನಿಘಂಟಿನಿಂದ ತಿಳಿಯಬೇಕಾದವರು ಯಾರೂ ಇಲ್ಲ. ಕೊಟ್ಟ ಸಾಲವನ್ನು ಕೇಳದೆ ಬಿಟ್ಟವನು ಮಳ್ಳ. ಕೈಗೆ ಬಂದ ಕಬ್ಬಿನ ಬಿಲ್ಲನ್ನೆಲ್ಲ ತಮ್ಮನ ಮದುವೆಗೆ ಸುರಿದವನು ಮಳ್ಳ. ಹೇಳಿದ ಕೆಲಸವನ್ನು ತಿರುವುಮುರುವಾಗಿ ಮಾಡಿಬಂದ ಹುಡುಗನೂ ಮಳ್ಳನೆ. ನಿಪ್ಪಾಣಿ ಕಾಗವಾಡಗಳ ಕಡೆಗೆ ಸಾಗಿದಂತೆ ಮರಾಠಿಯ 'ಖುಳಾ', 'ಯೇಡಾ', 'ಬಾವಳಟ'ಗಳು ಕನ್ನಡದ 'ಹುಚ್ಚ', 'ಪ್ಯಾಲಿ'ಗಳ ಸಂಗಡ ಒಂದೇ ನಾಲಗೆಯ ಮೇಲೆ ನೆಲಸಿ, ಸಿಟ್ಟು ಬಂದ ಗಳಿಗೆಯಲ್ಲಿ ಯಾವುದು ಮೊದಲು ಒದಗುವುದೋ ಅದೇ ಹೊರಬೀಳುತ್ತದೆ. ಇದು ಸಾಲದೆಂಬಂತೆ ಈಚಿನ ತಲೆಮಾರು 'ಮೆಂಟಲ್', 'ಸೈಕೋ'ಗಳನ್ನು ತಂದಿತು. ಇಂಗ್ಲಿಷ್ ಶಾಲೆಗಳಲ್ಲಿ ಓದಿದ ಹುಡುಗರು ತಮ್ಮಷ್ಟಕ್ಕೆ ತಾವಿರುವ ಗೆಳೆಯನನ್ನು 'ಆಟಿಸ್ಟಿಕ್' ಎಂದು ಛೇಡಿಸುವುದನ್ನೂ ಕಲಿತರು.

ಈ ಮಾತಿಗೆ ವಾತ್ಸಲ್ಯದ ಮುಖವೂ ಉಂಟು. ಮೊಮ್ಮಗನ ಅಳುವನ್ನು ನಿಲ್ಲಿಸಹೊರಟ ಅಜ್ಜಿ “ಏ ಮಳ್ಳಾ, ಇಷ್ಟಕ್ಕ ಯಾಕ ಅಳತಿ?” ಎಂದು ತಲೆ ಸವರುವಾಗ ಅದು ಮುದ್ದಿನ ಹೆಸರಾಗಿಯೇ ಸಲ್ಲುತ್ತದೆ. ಅದಕ್ಕೂ ಮಿಗಿಲಾಗಿ, ನಮ್ಮ ಉತ್ತರದ ನಾಡು ಹುಚ್ಚನ್ನು ದೈವದ ಸನ್ನಿಧಿಯಲ್ಲಿರಿಸಿ ಕಂಡ ನಾಡು: ಐಹೊಳೆಯಲ್ಲಿ ಹುಚ್ಚಿಮಲ್ಲಿಯ ಗುಡಿಯಿದೆ, ಕಮತಗಿಯಲ್ಲಿ ಹುಚ್ಚೇಶ್ವರ ಮಠವಿದೆ, ಹಳ್ಳಿಹಳ್ಳಿಗಳಲ್ಲಿ ಹುಚ್ಚಪ್ಪ ಹುಚ್ಚವ್ವಂದಿರು ಗೌರವದಿಂದ ಬಾಳಿದ್ದಾರೆ. 'ಮಳ್ಳ'ನ ಹಿರಿಯ ಬಂಧುವೆಂಬಂತೆ ತೋರುವ 'ಮರುಳ' ಎಂಬ ಶಬ್ದವಂತೂ ಶರಣರ ನಾಮಧೇಯದಲ್ಲಿಯೇ ಸೇರಿಹೋಗಿದೆ. ಕಲ್ಯಾಣದ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಹನ್ನೆರಡು ವರ್ಷಗಳ ಕಾಲ ಯಾರ ಗಣನೆಗೂ ಬಾರದೆ, ನೋಡಿದವರ ಕಣ್ಣಿಗೆ ಮರುಳನಾಗಿಯೇ ತೋರುತ್ತಿದ್ದ ಮರುಳಶಂಕರದೇವರನ್ನು ಅಲ್ಲಮಪ್ರಭುಗಳು ಗುರುತಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ಒಂದು ಅಧ್ಯಾಯವಾಗಿಯೇ ಹೇಳುತ್ತದೆ. ಮಹಾನುಭಾವರು ತುಂಬಿದ್ದ ಅಂಗಳದಲ್ಲಿಯೂ ಒಬ್ಬ ಮನುಷ್ಯನು ಅಷ್ಟು ದೀರ್ಘಕಾಲ ಅಜ್ಞಾತನಾಗಿ ಉಳಿಯಬಹುದೆಂಬುದೇ ಆ ಕಥೆ ನಮಗೆ ನೀಡುವ ಎಚ್ಚರಿಕೆ.

ಆದರೆ ಈ ಪರಂಪರೆಯನ್ನು ನೆನೆದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಏಕೆಂದರೆ ಗೌರವವನ್ನು ಪಡೆಯಲು ಮಗುವೊಂದು ಸಿದ್ಧಪುರುಷನಾಗಿರಬೇಕೆಂಬ ನಿಯಮವೇನೂ ಇಲ್ಲ. ವೈದ್ಯರು ಆಟಿಸಂ ಎಂದೂ, ಕನ್ನಡದ ಬರಹಗಾರರು ಸ್ವಲೀನತೆ ಎಂದೂ, ಮಿರಜ ಸಾಂಗಲಿಗಳ ಮರಾಠಿ ವೈದ್ಯರು ಸ್ವಮಗ್ನತಾ ಎಂದೂ ಕರೆಯುವ ಸ್ಥಿತಿಯೊಡನೆ ಹುಟ್ಟಿದ ಮಗುವನ್ನು ಕುರಿತು ಯೋಚಿಸೋಣ. ಹೆಸರು ಹಿಡಿದು ಕೂಗಿದರೆ ಅದು ತಿರುಗಿ ನೋಡದೆ ಇರಬಹುದು. ಮಾತು ತಡವಾಗಿ ಬರಬಹುದು, ಇಲ್ಲವೆ ಕೇಳಿದ ಮಾತನ್ನೇ ಮತ್ತೆ ಮತ್ತೆ ನುಡಿಯಬಹುದು. ಆಟಿಕೆಯ ಗಾಲಿಯೊಂದನ್ನು ತಿರುಗಿಸುತ್ತ ತಾಸುಗಟ್ಟಲೆ ಕುಳಿತಿರಬಹುದು. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಡೊಳ್ಳಿನ ಸದ್ದು ಎದ್ದಾಗಲೋ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ಧ್ವನಿವರ್ಧಕದಲ್ಲಿ ಹಾಡು ಮೊಳಗಿಸುತ್ತ ಮನೆಯ ಮುಂದೆ ಹಾದುಹೋದಾಗಲೋ, ಕಿವಿಗಳೆರಡನ್ನೂ ಮುಚ್ಚಿಕೊಂಡು ಚೀರಬಹುದು. ಉಳಿದವರಿಗೆ ಉತ್ಸಾಹವನ್ನು ಕೊಡುವ ಶಬ್ದವು ಆ ಮಗುವಿನ ಪಾಲಿಗೆ ನಿಜವಾದ ನೋವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರು ಇಂತಹವರು. ಆದ್ದರಿಂದ ಇವರು ಇಲ್ಲದ ದೊಡ್ಡ ಊರು ಯಾವುದೂ ಇರಲಾರದು.

ಓಣಿಯ ಜನ ಈ ಮಗುವನ್ನು ನೋಡಿ ಹೇಳುವ ಮೊದಲ ಮಾತು, ತಮ್ಮತಮ್ಮಲ್ಲಿ ದಿನನಿತ್ಯ ಬಳಸಿ ಸವೆದ ಅದೇ 'ಮಳ್ಳ'. ಜಾಣನಾದವನಿಗೆ ಆ ಮಾತನ್ನು ಆಡಿದರೆ ಅವನು ನಕ್ಕು, ಇಲ್ಲವೆ ಸಿಡುಕಿ, ಅದನ್ನು ಕೊಡವಿಕೊಂಡು ನಡೆಯುತ್ತಾನೆ. ಸಂಜೆಗೆ ಅವನ ಹೆಸರು ಅವನಿಗೆ ಮರಳಿ ದೊರೆಯುತ್ತದೆ. ಮಗುವಿಗೆ ಅದು ಮರಳಿ ದೊರೆಯುವುದಿಲ್ಲ. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಕೂಗಿದ ಹೆಸರು ಹಿಂದಕ್ಕೆ ಸರಿದು, ಅದರ ಸ್ಥಾನದಲ್ಲಿ ಈ ಮಾತೇ ಪ್ರತಿಷ್ಠಿತವಾಗುತ್ತದೆ. ಇದನ್ನು ದುಷ್ಟರೇ ಮಾಡುತ್ತಾರೆಂದು ತಿಳಿಯಕೂಡದು. ಬಸ್ ನಿಲ್ದಾಣದಲ್ಲಿ ಭೇಟಿಯಾದ ಹತ್ತಿರದ ನೆಂಟಳು, ಮನಃಪೂರ್ವಕವಾದ ಕನಿಕರದಿಂದಲೇ, “ನಿಮ್ಮ ಮಳ್ಳ ಹುಡುಗ ಹೆಂಗದಾನವಾ?” ಎಂದು ಕೇಳುತ್ತಾಳೆ, ಕೇಳಿದವಳಿಗೆ ಅದು ಕ್ಷೇಮಸಮಾಚಾರ, ಉತ್ತರ ಕೊಡಬೇಕಾದ ತಾಯಿಗೆ ಅದು ಎದೆಯ ಮೇಲೆ ಬಿದ್ದ ಪೆಟ್ಟು. ಆ ತಾಯಿಯ ಕಷ್ಟ ಅಷ್ಟಕ್ಕೇ ಮುಗಿಯದೆ, ಬಸುರಿಯಾಗಿದ್ದಾಗ ಅವಳು ಏನು ತಿಂದಳು, ಯಾವ ಹರಕೆಯನ್ನು ಮರೆತಳು ಎಂಬ ವಿಚಾರಣೆಯೂ ಬೆನ್ನಹಿಂದೆಯೇ ನಡೆಯುತ್ತದೆ. ತಾಯಿಯನ್ನು ದೂರುವ ಈ ಚಾಳಿ ನಮ್ಮ ಹಳ್ಳಿಗರದೊಂದೇ ಅಲ್ಲ. ಹೆತ್ತವಳ ಮನಸ್ಸು ತಣ್ಣಗಿದ್ದುದೇ ಕಾರಣವೆಂದು ಪಾಶ್ಚಾತ್ಯ ವಿದ್ವಾಂಸರೂ ಬಹುಕಾಲ ನಂಬಿದ್ದರು. ಸ್ವಲೀನ ಮಗನ ತಂದೆಯೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆ ಅಪವಾದದ ಬುಡ ಅಲುಗಿತು.

ಇಂತಹ ಮಾತಿಗೆ ಹೆದರಿದ ಮನೆಯವರು ಮಾಡುವುದೇನು? ಮಗುವನ್ನು ಮದುವೆ ಮುಂಜಿಗಳಿಗೆ ಕರೆದೊಯ್ಯದೆ ಬಿಡುತ್ತಾರೆ. ಅಕ್ಕನನ್ನು ನೋಡಲು ಬೀಗರು ಬರುವ ದಿನ ತಮ್ಮನನ್ನು ಹಿತ್ತಲ ಕೋಣೆಯಲ್ಲಿ ಇರಿಸುತ್ತಾರೆ. 'ದೊಡ್ಡವನಾದರೆ ಸರಿಹೋದಾನು' ಎಂದು ತಮಗೆ ತಾವೇ ಹೇಳಿಕೊಂಡು, ಮಿರಜಕ್ಕೋ ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗಿ ವೈದ್ಯರನ್ನು ಕಾಣುವುದನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾರೆ. ಮಾತನ್ನೂ ವ್ಯವಹಾರವನ್ನೂ ಕಲಿಸುವ ತರಬೇತಿಯು ಬಾಲ್ಯದಲ್ಲಿ ಬೇಗನೆ ಮೊದಲಾದಷ್ಟೂ ಪ್ರಯೋಜನ ಹೆಚ್ಚೆಂದು ಬಲ್ಲವರೆಲ್ಲ ಹೇಳುತ್ತಿರುವಾಗ, ಹೀಗೆ ಕಳೆದುಹೋದ ವರ್ಷಗಳನ್ನು ಆ ಮಗುವಿಗೆ ಯಾರೂ ಮರಳಿ ಕೊಡಲಾರರು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಗುರುತಿನ ಚೀಟಿಗಾಗಿ ಹೆಸರು ಬರೆದುಕೊಳ್ಳಲು ಮನೆಗೆ ಬಂದಾಗಲೂ, ಬರೆಸಿದರೆ ಊರಿಗೆಲ್ಲ ತಿಳಿಯುವುದೆಂಬ ಅಳುಕು ಬಾಗಿಲನ್ನು ಮುಚ್ಚಿಸುವುದುಂಟು.

ಹಳೆಯ ಮಾತು ಮಲಿನವಾಗಿದ್ದರೆ ಶುದ್ಧವಾದ ಹೊಸ ಶಬ್ದವನ್ನು ಟಂಕಿಸಿದರಾಯಿತೆಂಬ ಭರವಸೆಯನ್ನು ಶಾಸ್ತ್ರಜ್ಞರೂ ಶಾಸನಕಾರರೂ ಮರಳಿ ಮರಳಿ ತಾಳಿದ್ದಾರೆ. ಬ್ರಿಟಿಷರ ಕಾಲದಲ್ಲಿ ಮನೋರೋಗಿಗಳನ್ನು ಕುರಿತು ಮಾಡಿದ 1912ರ ಕಾಯಿದೆ 'ಲೂನಾಟಿಕ್', 'ಈಡಿಯಟ್' ಎಂಬ ಶಬ್ದಗಳನ್ನು ನ್ಯಾಯಾಲಯದ ಗಾಂಭೀರ್ಯದಿಂದಲೇ ಬಳಸಿತ್ತು. ಎರಡನೆಯದು ಇಂದು ಮಕ್ಕಳ ಜಗಳದ ಮಾತು. ಮರಾಠಿಯಲ್ಲಿ ಶಾಲೆಗಳ ಫಲಕದ ಮೇಲೆ ದಯೆಯಿಂದ ಬರೆದ 'ಮತಿಮಂದ' ಎಂಬ ಶಬ್ದವೂ ಗಡಿಯ ಈಚೆಗೆ ಬೈಗುಳವಾಗಿಯೇ ದಾಟಿಬಂದಿತು. ಇಂಗ್ಲೆಂಡಿನ 'ಸ್ಪಾಸ್ಟಿಕ್ಸ್ ಸೊಸೈಟಿ'ಯು ತನ್ನ ಹೆಸರೇ ಬೀದಿಯ ನಿಂದೆಯಾದುದನ್ನು ಕಂಡು 1994ರಲ್ಲಿ ಅದನ್ನು ಕೈಬಿಟ್ಟು 'ಸ್ಕೋಪ್' ಎಂದಾಯಿತು. ಊರಿನ ಹೆಸರಿಗೂ ಈ ಗತಿ ತಪ್ಪಲಿಲ್ಲ: ವಿದ್ಯೆಗೂ ಸಂಗೀತಕ್ಕೂ ಕಾವ್ಯಕ್ಕೂ ತವರಾದ ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆಯೊಂದು ನಡೆದುಬಂದಿರುವುದರಿಂದ, 'ಇವನ್ನ ಧಾರವಾಡಕ್ಕ ಕಳಸ್ರಿ' ಎಂಬುದೇ ನಮ್ಮಲ್ಲಿ ಸಾಕಾದಷ್ಟು ಬೈಗುಳವಾಯಿತು.

'ಆಟಿಸಂ' ಎಂಬ ಶಬ್ದದ ಜಾತಕವೂ ಇದೇ. ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್ 1911ರ ಸುಮಾರಿಗೆ ಬೇರೊಂದು ಮನೋರೋಗದ ಲಕ್ಷಣವಾಗಿ ಅದನ್ನು ಪ್ರಯೋಗಿಸಿದ. 1943ರಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವರ್ಣಿಸಿ ಅದಕ್ಕೆ ಈಗಿನ ಅರ್ಥದ ದಾರಿಯನ್ನು ತೆರೆದ. ಕ್ರಮೇಣ ಪಂಡಿತರು ಅದನ್ನು ಎತ್ತಿಕೊಂಡು, ಜನರ ಕೂಗನ್ನು ಕೇಳದ ಸರಕಾರಕ್ಕೂ ಲೋಕದ ವಾಸ್ತವವನ್ನು ನೋಡದ ಶಾಸ್ತ್ರಕ್ಕೂ ಅಂಟಿಸತೊಡಗಿದರು. 2000ದಲ್ಲಿ ಪ್ಯಾರಿಸಿನ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ತಮಗೆ ಕಲಿಸುತ್ತಿದ್ದ ವಿದ್ಯೆ 'ಆಟಿಸ್ಟಿಕ್' ಆಗಿದೆಯೆಂದು ಪ್ರತಿಭಟಿಸಿದರು. ಆ ಹೆಸರನ್ನು ಹೊತ್ತು ಹುಟ್ಟಿದ ಪತ್ರಿಕೆಯೂ ಕೆಲವು ವರ್ಷಗಳಲ್ಲಿ ಹೆಸರನ್ನು ಬದಲಿಸಿಕೊಂಡಿತು. ಅವರ ದೂರಿನಲ್ಲಿ ಸತ್ಯವಿದ್ದಿರಬಹುದು. ಆದರೆ ಅಧಿಕಾರವಿದ್ದೂ ಕೇಳಲೊಲ್ಲದವನ ಉದಾಸೀನವು ದೋಷ. ಕೇಳಿಸಿದ್ದೆಲ್ಲವೂ ಅತಿಯಾಗಿ ಬಂದು ಅಪ್ಪಳಿಸುವುದರಿಂದ ಕಿವಿ ಮುಚ್ಚಿಕೊಳ್ಳುವ ಮಗುವಿನಲ್ಲಿ ದೋಷವೇ ಇಲ್ಲ. ಅವೆರಡಕ್ಕೂ ಒಂದೇ ಶಬ್ದವನ್ನು ಹಚ್ಚುವುದು ಅನ್ಯಾಯ.

ಶಾಸನವು ಸುಮ್ಮನಿಲ್ಲ. ವಿಕಲಚೇತನರನ್ನು ಕುರಿತ 1995ರ ಕಾಯಿದೆಯ ಪಟ್ಟಿಯಲ್ಲಿ ಇಲ್ಲದಿದ್ದ ಸ್ವಲೀನತೆ 2016ರ ಕಾಯಿದೆಯ 21 ವೈಕಲ್ಯಗಳಲ್ಲಿ ಸೇರಿತು. ಅದೇ ಕಾಯಿದೆಯ 92ನೆಯ ಕಲಮು ಇಂತಹವರನ್ನು ಸಾರ್ವಜನಿಕರ ಎದುರಿನಲ್ಲಿ ಉದ್ದೇಶಪೂರ್ವಕವಾಗಿ ಅವಮಾನಿಸುವವರಿಗೆ ಆರು ತಿಂಗಳಿನಿಂದ ಐದು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. 2023ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗವು ಮೂಗ, ಕುರುಡ, ಹುಚ್ಚ ಎಂಬರ್ಥದ ಮಾತುಗಳನ್ನು ಪ್ರಚಾರ ಭಾಷಣಗಳಲ್ಲಿ ಬಳಸಕೂಡದೆಂದು ಪಕ್ಷಗಳಿಗೆ ತಿಳಿಸಿತು. 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚಲನಚಿತ್ರಗಳನ್ನು ಕುರಿತು ತೀರ್ಪು ಕೊಡುತ್ತ ಹೀಗಳೆಯುವ ಶಬ್ದಗಳನ್ನು ದೂರವಿಡಬೇಕೆಂದಿತು. ಇವೆಲ್ಲವೂ ಸ್ವಾಗತಾರ್ಹ. ಆದರೂ ಎದುರಿಗಿರುವ ಜಾಣನನ್ನು ಬೈಯುವ ಸಲುವಾಗಿ, ಅಲ್ಲಿ ಇಲ್ಲದ ಮಗುವಿನ ಸ್ಥಿತಿಯನ್ನು ಎರವಲು ತರುವ ಕಟ್ಟೆಯ ಮಾತನ್ನು ಯಾವ ಕಲಮೂ ಮುಟ್ಟಲಾರದು. ಅಲ್ಲಿ ಕೆಲಸ ಮಾಡಬೇಕಾದುದು ನಮ್ಮ ವಿವೇಕವೇ.

ಅದು ಕಠಿಣವಾದ ಸಾಧನೆಯೇನೂ ಅಲ್ಲ. ಒಬ್ಬನಲ್ಲಿ ತಪ್ಪು ಕಂಡರೆ ಆ ತಪ್ಪಿನ ಹೆಸರನ್ನೇ ಹೇಳೋಣ: ಕೇಳದವನನ್ನು ಮೊಂಡನೆನ್ನೋಣ, ಹೊಣೆ ಮರೆತವನನ್ನು ಹೊಣೆಗೇಡಿಯೆನ್ನೋಣ, ಮರುಕವಿಲ್ಲದವನನ್ನು ನಿಷ್ಕರುಣಿಯೆನ್ನೋಣ. ಕನ್ನಡದಲ್ಲಿ ದೋಷಗಳಿಗೆ ಹೆಸರುಗಳ ಬಡತನವಿಲ್ಲ. ಹಾಗೆ ಹೆಸರಿಸಿದಾಗ ಟೀಕೆಯೂ ನೇರವಾಗಿ ನಾಟುತ್ತದೆ. ಇನ್ನು ಆ ಮಗುವಿಗೆ ಸಲ್ಲಬೇಕಾದ ಹೆಸರು ಅದರ ತಂದೆತಾಯಿ ಇಟ್ಟದ್ದು. ಶಾಲೆಯ ಗುರುಗಳು ಹಾಜರಿ ಕರೆಯುವಾಗ, ಬಸ್ಸಿನ ನಿರ್ವಾಹಕರು ಪಾಸು ನೋಡುವಾಗ, ಮಠದ ಸ್ವಾಮಿಗಳು ಆಶೀರ್ವದಿಸುವಾಗ, ನೆಂಟರು ಕ್ಷೇಮ ವಿಚಾರಿಸುವಾಗ ಆ ಹೆಸರನ್ನೇ ಹಿಡಿದು ಕರೆಯಲಿ. ತಿರುಗಿ ನೋಡದಿದ್ದರೂ ಮತ್ತೊಮ್ಮೆ ಕರೆಯಲಿ. ಈ ಐದು ತಾಲೂಕುಗಳ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ.